ನಾಲ್ಕು ನಲವತ್ತರ ಗಾಡಿಯವರು

ಮೂರೂವರೆಗೆ ಎದ್ದು, ಮೂರು ಮುಕ್ಕಾಲಿಗೆ ಒಲೆ ಹಚ್ಚಿ, ನಾಲ್ಕಕ್ಕೆ ಮಗಳ ಡಬ್ಬಿ ಕಟ್ಟಿ, ಅತ್ತೆಯ ಮಾತ್ರೆಯನ್ನು ನೀರಿನ ಲೋಟದ ಪಕ್ಕ ಇಟ್ಟು, ನಾಲ್ಕೂ ಇಪ್ಪತ್ತಕ್ಕೆ ಬಾಗಿಲು ಎಳೆದುಕೊಂಡರೆ ನಾಲ್ಕು ನಲವತ್ತರ ಗಾಡಿ ಸಿಗುತ್ತಿತ್ತು. ಹನ್ನೊಂದು ವರ್ಷ ಹೀಗೇ ಸಿಕ್ಕಿತ್ತು. ಒಂದು ದಿನ ದಾರಿಯಲ್ಲಿ ಚಪ್ಪಲಿ ಕಿತ್ತುಹೋದಾಗ ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದ್ದಳು. ಚಪ್ಪಲಿ ಸಂಜೆಯವರೆಗೆ ಕಾಯುತ್ತದೆ, ಗಾಡಿ ಕಾಯುವುದಿಲ್ಲ.

ಅವಳ ಕೆಲಸ ನಗರ ರೈಲಿನ ದೊಡ್ಡ ಕಚೇರಿಯಲ್ಲಿ ನೆಲ ಒರೆಸುವುದು. ಅಲ್ಲಿ ಅವಳನ್ನು ‘ಎರಡನೇ ಮಹಡಿ’ ಎಂದು ಕರೆಯುತ್ತಿದ್ದರು. ಮೂರನೇ ಮಹಡಿ ಎಂದರೆ ಇನ್ನೊಬ್ಬಳು, ಸ್ವಲ್ಪ ಕುಳ್ಳಿ. ಗಾಡಿಯಲ್ಲಿ ಮಾತ್ರ ಅವಳು ಎಲ್ಲರಿಗೂ ಅಕ್ಕ. ನಾವೂ ಅಕ್ಕ ಎಂದೇ ಕರೆಯೋಣ. ಮನುಷ್ಯರನ್ನು ಮಹಡಿ ಹೆಸರಿಟ್ಟು ಕರೆಯುವಷ್ಟು ದೊಡ್ಡವರು ನಾವಲ್ಲ.

ಅಕ್ಕನ ಗಂಡ ಕೆಲಸ ಹುಡುಕಿಕೊಂಡು ಹೋಗಿ ಒಂಬತ್ತು ವರ್ಷವಾಗಿತ್ತು. ಇನ್ನೂ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಮನೆಯಲ್ಲಿ ಅತ್ತೆ, ಹತ್ತನೇ ತರಗತಿಯ ಮಗಳು, ಅಕ್ಕ. ಮೂರು ಹೊಟ್ಟೆಗೆ ಒಂದು ಪೊರಕೆ.

ಕಚೇರಿಯ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರವೊಂದಿತ್ತು. ಐದೂವರೆಯೊಳಗೆ ಒತ್ತಿದರೆ ಹಸಿರು ದೀಪ, ದಾಟಿದರೆ ಕೆಂಪು. ತಿಂಗಳಲ್ಲಿ ಮೂರು ಕೆಂಪು ಬಿದ್ದರೆ ಮಾರನೆಯ ದಿನ ಬರುವ ಅಗತ್ಯವಿಲ್ಲ. ಇದನ್ನು ನೋಡಿಕೊಳ್ಳಲು ಗುತ್ತಿಗೆದಾರ ಒಬ್ಬ ಸೂಪರ್‌ವೈಸರನನ್ನು ಇಟ್ಟಿದ್ದ. ಅವನು ಒಂಬತ್ತಕ್ಕೆ ಬರುತ್ತಿದ್ದ. ಅವನ ಹೆಬ್ಬೆಟ್ಟಿಗೆ ಯಂತ್ರವಿರಲಿಲ್ಲ.

ಹೀಗಿರುವಾಗ ನಿಲ್ದಾಣದ ಗೋಡೆಗೆ ಒಂದು ಪ್ರಕಟಣೆ ಬಿತ್ತು. ಹಳಿ ದುರಸ್ತಿಯ ಸಲುವಾಗಿ ಒಂದನೇ ತಾರೀಕಿನಿಂದ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರೂವರೆಯವರೆಗೆ ಗಾಡಿ ಇರುವುದಿಲ್ಲ. ಬದಲಿಗೆ ಬಸ್ಸಿನ ವ್ಯವಸ್ಥೆ ಇದೆ. ಅನುಕೂಲವಿದ್ದವರು ಸ್ವಂತ ವಾಹನ ಬಳಸಬಹುದು. ಸಾರ್ವಜನಿಕರಿಗೆ ಯಾವ ತೊಂದರೆಯೂ ಆಗುವುದಿಲ್ಲ.

“ಯಾವ ತೊಂದರೆಯೂ ಆಗಲ್ಲ ಅಂತ ಬರೆದಿದ್ದಾರೆ ಅಂದ್ರೆ ಏನೋ ದೊಡ್ಡದೇ ಬರ್ತಿದೆ,” ಎಂದಳು ಅತ್ತೆ. ಅವಳಿಗೆ ಓದು ಬಾರದು, ಆದರೆ ಪ್ರಕಟಣೆಗಳ ಅನುಭವ ಸಾಕಷ್ಟಿತ್ತು.

ಒಂದನೇ ತಾರೀಕು ನಿಲ್ದಾಣದ ಗೇಟಿಗೆ ಸರಪಳಿ ಬಿದ್ದಿತ್ತು. ಹೊರಗೆ ಮುನ್ನೂರು ಜನ. ಆಸ್ಪತ್ರೆಯ ಅಡುಗೆಯವರು, ಬ್ರೆಡ್ ಕಾರ್ಖಾನೆಯವರು, ಪೇಪರ್ ಕಟ್ಟು ಹೊರುವವರು, ಕಾರ್ ಪಾರ್ಕಿಂಗಿನ ಗೇಟು ತೆಗೆಯುವವರು. ನಗರ ಏಳುವ ಮೊದಲು ನಗರದ ಮುಖ ತೊಳೆಯಬೇಕಾದ ಜನ. ಬದಲಿ ಬಸ್ಸು ನಾಲ್ಕು ನಲವತ್ತೈದಕ್ಕೆ ಬರಬೇಕಿತ್ತು. ಐದೂವರೆಗೆ ಬಂತು.

“ಏನ್ ಡ್ರೈವರಣ್ಣ, ನಿದ್ದೆ ಆಯ್ತಾ?” ಎಂದು ಯಾರೋ ಕೂಗಿದರು.

“ನಿದ್ದೆ ಎಲ್ಲಿಂದ ಮಾರಾಯರೇ,” ಎಂದ ಡ್ರೈವರ್. “ನಾನು ಬಸ್ ಡಿಪೋಗೆ ಹೋಗ್ತಿದ್ದಿದ್ದೂ ಮೊದಲ ಗಾಡೀಲೇ. ಅದು ನಿಂತೋಯ್ತು. ನಡ್ಕೊಂಡು ಹೋಗಿ ಬಸ್ ತಗೊಂಡು ಬರೋಷ್ಟರಲ್ಲಿ ಇಷ್ಟೊತ್ತು.”

ಯಾರೂ ಅವನನ್ನು ಬೈಯಲಿಲ್ಲ. ಹಾಗೆ ಬೈಯುವುದಾದರೆ ಕನ್ನಡಿ ಮುಂದೆ ನಿಂತು ಬೈಯಬೇಕಿತ್ತು. ಬಸ್ಸಿನಲ್ಲಿ ಅರವತ್ತು ಸೀಟು. ಅಕ್ಕ ಹೇಗೋ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಇನ್ನೊಂದು ಕಾಲು ಅರ್ಧ ದಾರಿಯಲ್ಲಿ ಒಳಗೆ ಬಂತು. ಆರೂಕಾಲಿಗೆ ಹೆಬ್ಬೆಟ್ಟು ಒತ್ತಿದಳು. ಕೆಂಪು.

ಎರಡನೇ ದಿನವೂ ಕೆಂಪು.

“ಇನ್ನೊಂದು ಉಳಿದಿದೆ,” ಎಂದ ಸೂಪರ್‌ವೈಸರ್, ಅದು ತನ್ನ ಜೇಬಿನಿಂದ ಕೊಡುವ ಇನಾಮು ಎಂಬಂತೆ. “ತಿಂಗಳಿಡೀ ಇದೆ ನೋಡು, ಹುಷಾರಾಗಿ ಖರ್ಚು ಮಾಡು.”

“ಗಾಡಿನೇ ಇಲ್ವಲ್ಲ ಸಾರ್. ನಿಲ್ಲಿಸಿದ್ದು ಇದೇ ಆಫೀಸಿನವರು.”

“ಗಾಡಿ ಅವರದು. ನೀನು ನಮ್ಮವಳು. ಅದಕ್ಕೂ ಇದಕ್ಕೂ ಸೇರಿಸಬೇಡ.”

ಮೂರನೇ ದಿನದಿಂದ ಅಕ್ಕ ನಡೆಯತೊಡಗಿದಳು. ರಾತ್ರಿ ಒಂದೂವರೆಗೆ ಎದ್ದು, ಎರಡೂಕಾಲಿಗೆ ಹೊರಟು, ಸುಮಾರು ಮೂರು ಗಂಟೆ ನಡೆದರೆ ಹಸಿರು ದೀಪ. ಕಾರುಗಳಿಗಾಗಿ ಮಾಡಿದ ರಸ್ತೆ ಅದು. ಪಕ್ಕದಲ್ಲಿ ಕಾಲಿಡಲು ಒಂದು ಗೇಣು ಜಾಗವನ್ನೂ ಬಿಟ್ಟಿರಲಿಲ್ಲ. ಹಿಂದಿನಿಂದ ಬಂದ ಒಂದೊಂದು ಕಾರೂ ಹಾರನ್ ಹೊಡೆದು ಅವಳ ತಪ್ಪನ್ನು ತಿಳಿಸಿ ಹೋಗುತ್ತಿತ್ತು. ವಾರದೊಳಗೆ ಬಲ ಮಂಡಿ ಊದಿಕೊಂಡಿತು. ಅವಳಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ.

ಗೊತ್ತಾದದ್ದು ಎರಡನೇ ಮಹಡಿಯ ಮೀಟಿಂಗ್ ಕೋಣೆಯಲ್ಲಿ. ಮೇಜು ಒರೆಸುವಾಗ ಒಂದು ಹಾಳೆ ಉಳಿದಿತ್ತು. ಅಕ್ಕ ಏಳನೇ ತರಗತಿಯವರೆಗೆ ಓದಿದವಳು. ಆ ಹಾಳೆಯಲ್ಲಿ ಪ್ರತಿ ಗಾಡಿಗೆ ಒಂದು ಸಾಲು, ಎದುರಿಗೆ ಎಷ್ಟು ಜನ ಹತ್ತಿದರೆಂಬ ಅಂಕಿ. ಆರೂವರೆಯ ಗಾಡಿ, ನಾಲ್ಕು ನೂರಾ ಆರು. ನಾಲ್ಕು ನಲವತ್ತರ ಗಾಡಿ, ಸೊನ್ನೆ. ಕೆಳಗೆ ಷರಾ: ಪ್ರಯಾಣಿಕರೇ ಇಲ್ಲದ್ದರಿಂದ ದುರಸ್ತಿ ಮುಗಿದ ಮೇಲೂ ಈ ಗಾಡಿಯನ್ನು ಶಾಶ್ವತವಾಗಿ ನಿಲ್ಲಿಸಬಹುದು.

ಅಕ್ಕ ಆ ಸೊನ್ನೆಯನ್ನು ತುಂಬ ಹೊತ್ತು ನೋಡಿದಳು. ಹನ್ನೊಂದು ವರ್ಷ ಅದರೊಳಗೆ ನಿಂತುಕೊಂಡು ಬಂದಿದ್ದವಳು ಅವಳು. ಸೊನ್ನೆಯೊಳಗೆ ಅಷ್ಟೊಂದು ನೂಕುನುಗ್ಗಲು ಇರುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

ಎಣಿಸುವವನು ಅವಳಿಗೆ ಗೊತ್ತಿದ್ದವನೇ. ಮೂವತ್ತರ ಬಡಕಲು ಮನುಷ್ಯ. ಅವನೂ ಗುತ್ತಿಗೆಯವನೇ. ಹೆಬ್ಬೆರಳಿನಿಂದ ಟಿಕ್ ಟಿಕ್ ಎಂದು ಒತ್ತುವ ಒಂದು ಸಣ್ಣ ಡಬ್ಬಿ ಹಿಡಿದು ನಿಲ್ದಾಣಗಳಲ್ಲಿ ನಿಲ್ಲುತ್ತಿದ್ದ, ವಾರಕ್ಕೊಮ್ಮೆ ಎರಡನೇ ಮಹಡಿಗೆ ಹಾಳೆ ಕೊಡಲು ಬರುತ್ತಿದ್ದ. ಆ ದಿನ ಅವನು ಬಂದಾಗ ಅಕ್ಕ ಒರೆಸುವ ಕೋಲನ್ನು ಅಡ್ಡ ಹಿಡಿದು ನಿಲ್ಲಿಸಿದಳು.

“ನಾಲ್ಕು ನಲವತ್ತರ ಗಾಡೀಲಿ ನೀನು ಯಾವತ್ತಾದ್ರೂ ಎಣಿಸಿದ್ದೀಯೇನಪ್ಪ?”

“ಇಲ್ಲ ಅಕ್ಕ. ನಾನಿರೋದು ಊರಿನ ಆ ಕಡೆ. ನಾನು ಗಾಡಿ ಹತ್ತಿ ನಿಮ್ಮ ನಿಲ್ದಾಣಕ್ಕೆ ಬರೋಷ್ಟರಲ್ಲೇ ಆರೂವರೆ ಆಗಿರುತ್ತೆ.”

“ಮತ್ತೆ ಸೊನ್ನೆ ಅಂತ ಬರೆದೋರು ಯಾರು?”

“ನಾನಂತೂ ಅಲ್ಲ. ನಾನು ಖಾಲಿ ಬಿಟ್ಟಿದ್ದೆ.” ಅವನು ತಲೆ ಕೆರೆದುಕೊಂಡ. “ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ ಅಂತೆ. ಟೈಪಿಸ್ಟು ಸೊನ್ನೆ ಹಾಕಿರಬೇಕು.”

ಹೀಗೆ, ಎಣಿಸುವವನಿಗೆ ಗಾಡಿ ಇಲ್ಲದ್ದರಿಂದ ಗಾಡಿಯಲ್ಲಿ ಜನವಿಲ್ಲ ಎಂದಾಗಿತ್ತು.

ಅಕ್ಕ ನೇರವಾಗಿ ದೊಡ್ಡ ಸಾಹೇಬರ ಬಾಗಿಲಿಗೆ ಹೋದಳು. ಅಲ್ಲಿಗೆ ಅವಳು ದಿನಾ ಹೋಗುತ್ತಿದ್ದಳು, ಬಕೆಟ್ಟಿನ ಜೊತೆ. ಈ ಸಲ ಬಕೆಟ್ಟನ್ನು ಹೊರಗೆ ಬಿಟ್ಟು ಒಳಗೆ ಹೋದಳು. ಸಾಹೇಬರು ಕೆಟ್ಟವರಲ್ಲ. ಕೂತುಕೊಳ್ಳಿ ಎಂದು ಹೇಳಲಿಲ್ಲ, ಆದರೆ ಪೂರ್ತಿ ಕೇಳಿದರು. ರೈಲು ನಡೆಸುವ ಅವರು ಬರುತ್ತಿದ್ದದ್ದು ಕಾರಿನಲ್ಲಿ.

“ನೀವೊಂದು ಸ್ಕೂಟರ್ ತಗೋಬಹುದಲ್ಲಮ್ಮ?” ಎಂದರು. “ಅಷ್ಟೊತ್ತಿಗೆ ರಸ್ತೆ ಪೂರ್ತಿ ಖಾಲಿ ಇರುತ್ತೆ. ನಾನೊಮ್ಮೆ ಆ ಕಡೆಯಿಂದ ಇಪ್ಪತ್ತೇ ನಿಮಿಷದಲ್ಲಿ ಬಂದಿದ್ದೆ.”

“ಹೊಟ್ಟೆಗೆ ಹಿಟ್ಟಿಲ್ಲದೋರಿಗೆ ಜುಟ್ಟಿಗೆ ಮಲ್ಲಿಗೆ ಹೂವು ಯಾಕೆ ಸಾರ್. ಗಾಡಿ ಇತ್ತು. ನಾವು ಅದರಲ್ಲಿದ್ವಿ. ಯಾರೂ ಎಣಿಸಲಿಲ್ಲ ಅಷ್ಟೆ.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಸರಿ, ಹನ್ನೆರಡನೇ ತಾರೀಕು ಇನ್ನೊಂದು ಸಲ ಎಣಿಸಲಿ. ಹೆಸರು, ಪಾಸ್ ನಂಬರ್ ಸಮೇತ. ಇಲ್ಲಾಂದ್ರೆ ಒಬ್ಬರನ್ನೇ ಎರಡು ಸಲ ಎಣಿಸಿದ್ರು ಅಂತಾರೆ.”

ಹನ್ನೊಂದನೇ ತಾರೀಕು ಸಂಜೆ ಎಣಿಕೆಯವನು ಅಕ್ಕನ ಮನೆಗೆ ಬಂದ. ಮೊದಲ ಗಾಡಿಯ ಹೊತ್ತಿಗೆ ನಿಲ್ದಾಣದಲ್ಲಿರಬೇಕಾದರೆ ಅವನಿಗೆ ಬೇರೆ ದಾರಿ ಇರಲಿಲ್ಲ. ಇದ್ದ ಒಂದು ಕೋಣೆಯಲ್ಲಿ ಒಲೆಯ ಕಡೆಗೆ ಅವನಿಗೆ ಚಾಪೆ ಹಾಸಿದರು.

“ಸರ್ಕಾರದ ಲೆಕ್ಕ ನಮ್ಮನೇಲಿ ಮಲಗೋ ಕಾಲ ಬಂತಲ್ಲಪ್ಪ,” ಎಂದಳು ಅತ್ತೆ. “ಗೊರಕೆ ಹೊಡೀತೀಯಾ?”

“ಇಲ್ಲ ಅಜ್ಜಿ.”

“ಹಾಗಂತ ನಿಂಗೆ ಹೆಂಗೊತ್ತು? ನೀನು ಎದ್ದಿದ್ದು ನೋಡಿದ್ದೀಯಾ? ನೀನಿಲ್ಲದ ಹೊತ್ತಿಂದೂ ನೀನೇ ಲೆಕ್ಕ ಹೇಳೋದು ಚೆನ್ನಾಗಿದೆ.”

ಅವನು ಪಾಪ, ಗೋಡೆ ಕಡೆ ತಿರುಗಿ ಮಲಗಿದ. ಮಗಳು ಬಾಯಿಗೆ ದಿಂಬು ಒತ್ತಿಕೊಂಡು ನಕ್ಕಳು. ಅಕ್ಕ ನಗಲಿಲ್ಲ. ಎಣಿಸಿಕೊಳ್ಳಬೇಕೆಂದರೆ ನಾಳೆ ಅವಳು ನಡೆದು ಹೋಗುವಂತಿಲ್ಲ, ನಿಲ್ದಾಣದಲ್ಲೇ ನಿಲ್ಲಬೇಕು. ಬಸ್ಸು ತಡವಾದರೆ ಮೂರನೇ ಕೆಂಪು. ಡ್ರೈವರಣ್ಣ ಸೈಕಲ್ ಸಾಲ ಪಡೆದು ಡಿಪೋಗೆ ಹೋಗಿ, ಹೊತ್ತಿಗೆ ಸರಿಯಾಗಿ ಬಸ್ಸು ತರುತ್ತೇನೆ ಎಂದಿದ್ದ. ಅದೊಂದೇ ನಂಬಿಕೆ.

ಬೆಳಿಗ್ಗೆ ಗೇಟಿನ ಮುಂದೆ ಎಣಿಕೆಯವನು ಒಬ್ಬೊಬ್ಬರ ಪಾಸು ನೋಡಿ, ಹೆಸರು ಬರೆದು, ಡಬ್ಬಿ ಒತ್ತಿದ. ಮೊದಲ ಹೆಸರು ಅಕ್ಕನದು. ಕೆಲವರು ಕೂದಲು ಬಾಚಿಕೊಂಡು ಬಂದಿದ್ದರು, ಫೋಟೋ ತೆಗೆಯುತ್ತಾರೇನೋ ಎಂದು. ಎಣಿಕೆ ಮುಗಿದಾಗ ಡಬ್ಬಿಯಲ್ಲಿ ಮುನ್ನೂರ ಹನ್ನೆರಡು.

ಅವನು ಫಾರಂ ತೆಗೆದು, ಪೆನ್ನು ಹಿಡಿದು, ಹಾಗೇ ನಿಂತುಬಿಟ್ಟ.

“ಏನಾಯ್ತಪ್ಪ?” ಎಂದಳು ಅಕ್ಕ.

“ಅಕ್ಕ, ಇದರಲ್ಲಿ ಗಾಡಿ ಹತ್ತಿದವರು ಎಷ್ಟು ಅಂತ ಕೇಳಿದೆ. ಕಾಯ್ತಾ ನಿಂತವರು ಎಷ್ಟು ಅಂತ ಕೇಳಿಲ್ಲ.”

“ಅಂದ್ರೆ?”

“ಗಾಡಿ ಇಲ್ಲ. ಯಾರೂ ಹತ್ತಿಲ್ಲ.” ಅವನ ದನಿ ಇಳಿದುಹೋಯಿತು. “ಈ ಫಾರಂ ಪ್ರಕಾರ ಇವತ್ತೂ ಸೊನ್ನೆನೇ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಸಾಹೇಬರು ಒಪ್ಪಿದ್ದರು, ಫಾರಂ ಒಪ್ಪಲಿಲ್ಲ. ಬಸ್ಸು ಬಂದಿರಲಿಲ್ಲ. ಗಡಿಯಾರ ನಾಲ್ಕೂ ಐವತ್ತರ ಹತ್ತಿರ ಬಂದಿತ್ತು. ಅಕ್ಕನಿಗೆ ತನ್ನ ಹೆಬ್ಬೆಟ್ಟಿನ ಮೇಲೆ ಕೆಂಪು ದೀಪ ಬಿದ್ದದ್ದು ಆಗಲೇ ಕಂಡಂತಾಯಿತು.

ಆಗ ಹಳಿಯ ಮೇಲೆ ಸದ್ದಾಯಿತು. ಬಂದದ್ದು ನಗರದ ಕಡೆ ಹೋಗುವ ದುರಸ್ತಿಯವರ ಗಾಡಿ. ಒಂದು ಹಳೆಯ ಡೀಸೆಲ್ ಎಂಜಿನ್ನು, ಸೀಟು ಕಿತ್ತ ನಾಲ್ಕು ಬೋಗಿಗಳು. ಇಲ್ಲೇ ಮನೆಯಿದ್ದ ಇಬ್ಬರು ಕೆಲಸಗಾರರನ್ನು ಇಳಿಸಲು ಅದು ದಿನವೂ ಒಂದು ನಿಮಿಷ ನಿಲ್ಲುತ್ತಿತ್ತು. ಇನ್ನೂ ಕೆಲಸದ ಮೇಲೆಯೇ ಓಡಾಡುತ್ತಿದೆ ಎಂದುಕೊಂಡು ಬಸ್ಸಿಗೆ ಕಾಯುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಾಗಿಲಲ್ಲಿ ಹಳಿ ಮೇಸ್ತ್ರಿ ನಿಂತಿದ್ದ. ಮೈಯೆಲ್ಲ ಎಣ್ಣೆ, ಬಾಯಲ್ಲಿ ಕಡ್ಡಿ.

“ಮೇಸ್ತ್ರಿಯವರೇ,” ಎಂದು ಅಕ್ಕ ಗೇಟಿನ ಕಂಬಿಯ ಸಂದಿನಿಂದ ಕೂಗಿದಳು. “ದುರಸ್ತಿ ಆರೂವರೆವರೆಗೂ ಅಂತಿದ್ರಲ್ಲ?”

“ಯಾರಂದಿದ್ದು? ಮೊದಲಿಂದಲೂ ನಾಲ್ಕೂವರೆಗೇ ಮುಗಿಯುತ್ತೆ. ಆಮೇಲೆ ಇರೋದಕ್ಕೆ ಗುತ್ತಿಗೆದಾರ ಕೂಲಿ ಕೊಡಲ್ಲ. ಆರೂವರೆವರೆಗೂ ಹಳಿ ಸುಮ್ನೆ ಮಲಗಿರುತ್ತೆ.”

ಹತ್ತು ದಿನ ನಡೆದ ಮಂಡಿಗಳು, ನಿದ್ದೆಗೆಟ್ಟ ಕಣ್ಣುಗಳು, ಆಗಲೇ ಮೂರು ಕೆಂಪು ಬಿದ್ದು ಇಂದು ಎಣಿಸಿಕೊಳ್ಳಲು ಮಾತ್ರ ಬಂದಿದ್ದ ಐದಾರು ಜನ, ಎಲ್ಲರೂ ಆ ಮಲಗಿದ ಹಳಿಯನ್ನು ನೋಡಿದರು.

“ಬೋಗೀಲಿ ಜಾಗ ಇದ್ಯಾ?” ಎಂದಳು ಅಕ್ಕ.

“ಜಾಗ ಬೇಕಾದಷ್ಟಿದೆ. ಅನುಮತಿ ಇಲ್ಲ.”

“ಅನುಮತಿ ಬೇಡ ಬಿಡಿ. ನಾವು ನಿಂತ್ಕೊಳ್ಳೋದು ಜಾಗದಲ್ಲಿ.”

ಮೇಸ್ತ್ರಿ ಬಾಯಿಯ ಕಡ್ಡಿ ತೆಗೆದು ಎಸೆದ. ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಇಳಿದಿದ್ದ ಇಬ್ಬರಲ್ಲಿ ಒಬ್ಬನಿಗೆ, “ನಿನ್ನ ಹತ್ರ ಗೇಟಿನ ಬೀಗದಕೈ ಇದೆಯಲ್ಲ,” ಎಂದ. ಅಷ್ಟೇ ಅಂದದ್ದು.

ಯಾರೂ ನೂಕಲಿಲ್ಲ. ಹನ್ನೊಂದು ವರ್ಷದಲ್ಲಿ ಅಷ್ಟು ಶಿಸ್ತಾಗಿ ಆ ನಿಲ್ದಾಣದಲ್ಲಿ ಜನ ಗಾಡಿ ಹತ್ತಿದ್ದನ್ನು ಅಕ್ಕ ನೋಡಿರಲಿಲ್ಲ. ಎಣಿಕೆಯವನು ಬಾಗಿಲಲ್ಲಿ ನಿಂತು ಮತ್ತೆ ಮೊದಲಿನಿಂದ ಡಬ್ಬಿ ಒತ್ತಿದ. ಮುನ್ನೂರ ಹನ್ನೆರಡು. ಗೋಡೆಗೆ ಫಾರಂ ಆನಿಸಿ ‘ಹತ್ತಿದವರು’ ಎಂಬಲ್ಲಿ ಅದನ್ನೇ ಬರೆದ, ಸಹಿ ಹಾಕಿದ, ತಾನೂ ಹತ್ತಿದ. ಐದೂ ಇಪ್ಪತ್ತೇಳಕ್ಕೆ ಅಕ್ಕನ ಹೆಬ್ಬೆಟ್ಟಿನ ಮೇಲೆ ಹಸಿರು ದೀಪ ಬಿತ್ತು. ಅವಳು ಅಳುತ್ತ ಎರಡನೇ ಮಹಡಿ ಒರೆಸಿದಳು. ಸಂತೋಷಕ್ಕೇ ಅತ್ತದ್ದು, ಅದನ್ನು ಮುಚ್ಚಿಡುವುದೇಕೆ.

ಮಾರನೆಯ ದಿನದಿಂದ ಮತ್ತೆ ನಡಿಗೆಯೇ ಆದರೂ ಸಂತೋಷ ಮೂರು ದಿನ ಇತ್ತು. ನಾಲ್ಕನೇ ದಿನ ಮುನ್ನೂರ ಹನ್ನೆರಡು ಮನೆಗಳಿಗೆ ಮುನ್ನೂರ ಹನ್ನೆರಡು ನೋಟೀಸು ಬಂತು. ಅನುಮತಿಯಿಲ್ಲದ ವಾಹನದಲ್ಲಿ ಅಕ್ರಮ ಪ್ರಯಾಣ. ಒಂದು ಹೆಸರೂ ತಪ್ಪಿರಲಿಲ್ಲ, ಒಂದು ಪಾಸ್ ನಂಬರೂ ತಪ್ಪಿರಲಿಲ್ಲ. ಎಣಿಕೆಯವನ ಫಾರಮ್ಮಿನಿಂದಲೇ ಇಳಿಸಿಕೊಂಡಿದ್ದರು. ಹನ್ನೊಂದು ವರ್ಷ ಒಬ್ಬರನ್ನೂ ಕಾಣದ ಕಚೇರಿಗೆ ಒಂದೇ ದಿನದಲ್ಲಿ ಎಲ್ಲರೂ ಕಂಡಿದ್ದರು. ಮೇಸ್ತ್ರಿಯನ್ನು ಕೆಲಸದಿಂದ ನಿಲ್ಲಿಸಿದರು. ಎಣಿಕೆಯವನ ಡಬ್ಬಿ ಕಿತ್ತುಕೊಂಡರು.

ವಿಚಾರಣೆ ಎರಡನೇ ಮಹಡಿಯ ಮೀಟಿಂಗ್ ಕೋಣೆಯಲ್ಲೇ. ಆ ಬೆಳಿಗ್ಗೆ ಅದರ ಮೇಜು ಒರೆಸಿ, ಕುರ್ಚಿ ಜೋಡಿಸಿ, ನೀರಿನ ಲೋಟ ಇಟ್ಟವಳು ಅಕ್ಕನೇ. ಎಲ್ಲರಿಗೂ ಒಂದೇ ದಿನ ಬರಹೇಳಿದ್ದರಿಂದ ಸಾಲು ಕೋಣೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಕೆಳಗಿನ ಕಾರುಗಳ ನಡುವಿಗೆ ಇಳಿದಿತ್ತು. ಒಳಗೆ ಕರೆಯುವ ಮೊದಲು ಸೂಪರ್‌ವೈಸರ್ ಅವಳನ್ನು ಪಕ್ಕಕ್ಕೆ ಎಳೆದ. ಅವನ ಮುಖದಲ್ಲಿ ಎಂದೂ ಇಲ್ಲದ ಅಕ್ಕರೆ.

“ಸಾಹೇಬರು ದೊಡ್ಡ ಮನಸ್ಸು ಮಾಡಿದ್ದಾರೆ. ಒಂದು ಕಾಗದ ಕೊಡ್ತಾರೆ. ‘ಆ ದಿನ ನಾನು ಆ ಗಾಡಿಯಲ್ಲಿರಲಿಲ್ಲ’ ಅಂತ ಅದರಲ್ಲಿ ಬರೆದಿರುತ್ತೆ. ಸಹಿ ಹಾಕು. ಕೇಸಿಲ್ಲ, ದಂಡ ಇಲ್ಲ, ಮೂರನೇ ಕೆಂಪೂ ಇಲ್ಲ.”

“ಹಾಕದಿದ್ರೆ?”

“ಹಾಕದಿದ್ರೆ ನಾಳೆಯಿಂದ ನೀನು ಯಾವ ಮಹಡೀನೂ ಅಲ್ಲ.”

“ಎಲ್ಲರೂ ಹಾಕಿದ್ರೆ ಗಾಡೀಲಿ ಎಷ್ಟು ಜನ ಇದ್ದಂಗಾಯ್ತು?”

ಸೂಪರ್‌ವೈಸರ್ ಗಡಿಯಾರ ನೋಡಿದ. ಲೆಕ್ಕ ಅಕ್ಕನಿಗೇ ಗೊತ್ತಿತ್ತು, ಸೊನ್ನೆ. ಮೊದಲ ಗಾಡಿಯನ್ನು ಶಾಶ್ವತವಾಗಿ ನಿಲ್ಲಿಸುವ ಮೀಟಿಂಗು ಮುಂದಿನ ವಾರವಿತ್ತು.

ಅಕ್ಕ ಮೇಸ್ತ್ರಿಯ ಕಡೆ ನೋಡಿದಳು. ಅವನು ಮೆಟ್ಟಿಲ ಮೇಲೆ ಕುಳಿತಿದ್ದ, ಈ ಸಲ ತೊಳೆದ ಬಟ್ಟೆ.

“ಅಣ್ಣ, ನಾವು ಇರಲಿಲ್ಲ ಅಂದ್ರೆ ನಿಮ್ಮ ಕೇಸೂ ಬಿದ್ದೋಗುತ್ತಲ್ಲ.”

“ಗೊತ್ತು ಕಣಮ್ಮ. ನನ್ನ ಮುಖ ನೋಡಿ ಸುಳ್ಳು ಹೇಳ್ಬೇಡ. ಇಪ್ಪತ್ತಾರು ವರ್ಷ ಕಬ್ಬಿಣ ಸಾಗಿಸಿದ್ದೀನಿ. ಒಂದೇ ದಿನ ಮನುಷ್ಯರನ್ನ ಕರ್ಕೊಂಡು ಬಂದಿದ್ದು. ಅದನ್ನೂ ಕಬ್ಬಿಣ ಅಂತ ಬರೆಸ್ಬೇಡ.”

ಪಟ್ಟಿಯಲ್ಲಿ ಮೊದಲ ಹೆಸರು ಅಕ್ಕನದೇ ಆದ್ದರಿಂದ ಅವಳನ್ನೇ ಮೊದಲು ಕರೆದರು. ದೊಡ್ಡ ಸಾಹೇಬರು ಈ ಸಲ ಕೂತುಕೊಳ್ಳಿ ಎಂದರು. ಅಕ್ಕ ತಾನೇ ಒರೆಸಿದ ಕುರ್ಚಿಯಲ್ಲಿ ಮೊದಲ ಬಾರಿ ಕುಳಿತಳು. ಮೆತ್ತಗಿತ್ತು.

“ಓದಿ ನೋಡಿ ಅಮ್ಮ. ಅವಸರ ಇಲ್ಲ,” ಎಂದು ಕಾಗದ ಸರಿಸಿದರು. ಪೆನ್ನನ್ನೂ ಮುಚ್ಚಳ ತೆಗೆದೇ ಕೊಟ್ಟರು.

ಅಕ್ಕ ಓದಿದಳು. ಬೆಳಿಗ್ಗೆ ಅತ್ತೆ ಹೇಳಿದ್ದು ಕಿವಿಯಲ್ಲಿತ್ತು. “ಬಡವ ನೀ ಮಡಗಿದ ಹಾಗಿರು ಅಂತ ನಮ್ಮಪ್ಪ ಹೇಳ್ತಿದ್ದ. ಇದ್ದ. ಹಂಗೇ ಹೋದ. ಯಾರಿಗೂ ಗೊತ್ತಾಗಲಿಲ್ಲ. ನೀನು ನಿಂಗೆ ತೋಚಿದಂಗೆ ಮಾಡು, ನನ್ನ ಮಾತ್ರೆ ಒಂದು ತಿಂಗಳು ನಿಂತ್ರೂ ನಾನೇನೂ ಸಾಯಲ್ಲ.” ಅತ್ತೆ ಸುಳ್ಳು ಹೇಳಿದ್ದಳು, ಮಾತ್ರೆ ನಿಂತರೆ ಅವಳಿಗೆ ಒಂದು ವಾರವೂ ಕಷ್ಟ. ಮಗಳ ಪರೀಕ್ಷೆಗೆ ಇನ್ನು ನಾಲ್ಕು ತಿಂಗಳು. ಕೆಲಸ ಹೋಗುತ್ತದೆಂಬ ಭಯ ಸಣ್ಣದೇನಲ್ಲ.

“ಇದರಲ್ಲಿ ‘ಇರಲಿಲ್ಲ’ ಅಂತಿದೆ ಸಾರ್.”

“ಹೌದಮ್ಮ. ಎಲ್ಲರಿಗೂ ಒಳ್ಳೇದು ಅಂತಲೇ.”

ಅಕ್ಕ ಆ ಮಾತಿನ ಮೇಲೆ ಒಂದು ಗೆರೆ ಎಳೆದಳು. ಕೆಳಗೆ, ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ, ನಿಧಾನವಾಗಿ ಬರೆದಳು: ಇದ್ದೆ. ಎರಡನೇ ಬೋಗಿ. ಸೀಟು ಇರಲಿಲ್ಲ, ನಿಂತಿದ್ದೆ. ಹನ್ನೊಂದು ವರ್ಷದಿಂದ ಇದ್ದೆ.

ಸಹಿ ಹಾಕಿದಳು. ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು, ಸೂಪರ್‌ವೈಸರ್ ಕಡೆ ನೋಡಿದರು. ಅವನು ನೆಲ ನೋಡಿದ. ನೆಲ ಚೊಕ್ಕಟವಾಗಿತ್ತು.

ಬಾಗಿಲಲ್ಲಿ ನಿಂತವರು ಕತ್ತು ಚಾಚಿ ನೋಡುತ್ತಿದ್ದರು. ಆಸ್ಪತ್ರೆಯ ಅಡುಗೆಯವಳು ಪಿಸುಗುಟ್ಟಿ ಕೇಳಿದಳು, “ಏನಂತ ಬರೆದ್ಯೇ ಅಕ್ಕ?”

“ಇದ್ದೆ ಅಂತ.”

ಆ ಮಾತು ಬಾಯಿಂದ ಬಾಯಿಗೆ ಮೆಟ್ಟಿಲಿಳಿದು ಹೋಗುವುದು ಒಳಗೆ ಕೂತವರಿಗೂ ಕೇಳಿಸಿತು. ಇದ್ದೆ ಅಂತ. ಇದ್ದೆ ಅಂತ ಬರೆದ್ಳಂತೆ. ಕೆಳಗೆ ಕಾರುಗಳ ನಡುವೆ ಯಾರೋ ಜೋರಾಗಿ, “ಹೌದಲ್ಲ, ಇದ್ವಲ್ಲ!” ಎಂದರು.

ಮುಂದಿನವರನ್ನು ಸಾಹೇಬರು ಕರೆಯಲಿಲ್ಲ. ಅಕ್ಕ ಕುರ್ಚಿಯಿಂದ ಎದ್ದು, ಪೆನ್ನನ್ನು ಕೈಯಲ್ಲೇ ಹಿಡಿದುಕೊಂಡು, ತಾನೇ ಕರೆದಳು.

“ಬನ್ನಿ, ಎರಡನೆಯವರು.”